ಯುದ್ಧವಿಲ್ಲದ ದಿನಗಳ ಸೈನ್ಯ

ಇತಿಹಾಸದ ಪುಸ್ತಕದಲ್ಲಿ ಸೈನ್ಯ ಕಾಣಿಸಿಕೊಳ್ಳುವುದು ಯುದ್ಧದ ಪುಟದಲ್ಲಿ ಮಾತ್ರ. ಎರಡು ದಂಡುಗಳು ಎದುರಾಗುತ್ತವೆ, ಒಂದು ಗೆಲ್ಲುತ್ತದೆ, ಮಕ್ಕಳು ಇಸವಿಯನ್ನು ಬಾಯಿಪಾಠ ಮಾಡುತ್ತಾರೆ. ಮುಂದಿನ ಪುಟಕ್ಕೆ ಬರುವಷ್ಟರಲ್ಲಿ ಸೈನ್ಯ ಮಾಯ. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಇದನ್ನೇ ಹೇಳಿಕೊಂಡು ಬಂದ ನನ್ನನ್ನು ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಯುದ್ಧ ಇಲ್ಲದಾಗ ಅವರೆಲ್ಲ ಎಲ್ಲಿ ಇರತಾರ್ರೀ? ಅವರಿಗೆ ಅಡಿಗಿ ಯಾರು ಮಾಡಿ ಹಾಕತಾರ?" ಹುಡುಗರೆಲ್ಲ ನಕ್ಕರು. ನನಗೇನೋ ಅದು ಇತಿಹಾಸದ ಪ್ರಶ್ನೆ ಎಂದೇ ತೋರಿತು. ಅಡಿಗೆಮನೆಯ ಲೆಕ್ಕ ಗೊತ್ತಿದ್ದವರಿಗಲ್ಲದೆ ಇನ್ನಾರಿಗೆ ಅದು ಹೊಳೆಯಬೇಕು!

ಬೆಂಗಳೂರಿನ ಕಥೆಯನ್ನೇ ನೋಡಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಇಂಗ್ಲಿಷರ ಪಡೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತು. ಕೋಟೆಯನ್ನು ಗೆದ್ದವರು ಅಲ್ಲಿಯ ಸೊಳ್ಳೆಗಳನ್ನು ಗೆಲ್ಲಲಾರದೆ ಹೋದರು. ಜ್ವರಕ್ಕೆ ಸಿಪಾಯಿಗಳು ಸಾಲುಸಾಲಾಗಿ ಮಲಗತೊಡಗಿದಾಗ, 1809ರಲ್ಲಿ, ತಂಪು ಹವೆಯ ಬೆಂಗಳೂರಿಗೆ ದಂಡು ಬಂದಿತು. ಕೆಂಪೇಗೌಡರ ಪೇಟೆಗೆ ಕೆಲವೇ ಮೈಲಿ ದೂರದಲ್ಲಿ ಇನ್ನೊಂದು ಊರೇ ಎದ್ದಿತು. ಪೇಟೆಯಲ್ಲಿ ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆಗಳಿದ್ದರೆ ಇಲ್ಲಿ ಬ್ರಿಗೇಡ್ ರಸ್ತೆ, ಇನ್‌ಫೆಂಟ್ರಿ ರಸ್ತೆ, ಕ್ಯಾವಲ್ರಿ ರಸ್ತೆ. ಇವತ್ತು ಬ್ರಿಗೇಡ್ ರಸ್ತೆಯಲ್ಲಿ ಸೀರೆ, ಚಪ್ಪಲಿ ಕೊಳ್ಳಲು ಹೋಗುವ ಎಷ್ಟು ಜನಕ್ಕೆ ಅದು ಸೈನ್ಯದ ತುಕಡಿಯ ಹೆಸರೆಂದು ನೆನಪಾದೀತು?

ಮದ್ರಾಸು ಸೈನ್ಯದ ಹಿಂದೆ ಬಂದವರು ಬರೀ ಸಿಪಾಯಿಗಳಲ್ಲ. ಅಗಸರು, ಅಡಿಗೆಯವರು, ದರ್ಜಿಗಳು, ಕುದುರೆಗೆ ಹುಲ್ಲು ತರುವವರು, ಕಟ್ಟಡದ ಗುತ್ತಿಗೆದಾರರು, ದೊರೆಸಾನಿಯರ ಮಕ್ಕಳನ್ನು ಎತ್ತಿ ಆಡಿಸುವ ಆಯಾಗಳು, ಎಲ್ಲರೂ ಬಂದರು. ದಂಡಿನ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು ಕೇಳಿಸತೊಡಗಿದ್ದು ಹೀಗೆ. ಬಿಳಿಯರ ಊಟದ ಮೇಜಿಗೆಂದು ಸುತ್ತಲಿನ ಹೊಲಗಳಲ್ಲಿ ಕೋಸು, ಕ್ಯಾರೆಟ್, ಆಲೂಗಡ್ಡೆ ಬೆಳೆದವು. ಒಂದು ಕಾಲಕ್ಕೆ ನಮ್ಮ ಅಜ್ಜಿಯರು ಮಡಿಗೆ ಬಾರದೆಂದು ದೂರವಿಟ್ಟಿದ್ದ ಈ ತರಕಾರಿಗಳು ಈಗ ಹಬ್ಬದ ಪಲ್ಯಕ್ಕೂ ಬೇಕು. ಸೈನ್ಯ ಒಂದು ಊರನ್ನು ಹೊಕ್ಕರೆ ಕೊನೆಗೆ ಒಲೆಯವರೆಗೂ ಬರುತ್ತದೆ.

1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ಇಂಗ್ಲಿಷರು ದಂಡನ್ನು ಬಿಟ್ಟುಕೊಡಲಿಲ್ಲ. ಶ್ರೀರಂಗಪಟ್ಟಣವನ್ನು ಮೈಸೂರಿಗೆ ಕೊಟ್ಟು, ಬದಲಿಗೆ ಇದನ್ನು ಇಟ್ಟುಕೊಂಡರು. ಸೊಳ್ಳೆಯ ಊರು ನಿಮಗೆ, ತಂಪಿನ ಊರು ನಮಗೆ ಎಂಬ ವ್ಯಾಪಾರ! ದಂಡು ಮೈಸೂರಿನ ಕೈಗೆ ಬಂದದ್ದು 1947ರಲ್ಲಿ. ಪೇಟೆಗೂ ದಂಡಿಗೂ ಸೇರಿ ಒಂದೇ ನಗರಸಭೆಯಾದದ್ದು 1949ರಲ್ಲಿ.

ದಂಡಿನ ಇನ್ನೊಂದು ಮುಖವನ್ನು ಯಾವ ಪಾಠಪುಸ್ತಕವೂ ಹೇಳುವುದಿಲ್ಲ. ಹೇಳಲು ಸಂಕೋಚವಾದರೂ ಹೆಂಗಸರಾದ ನಾವು ತಿಳಿದಿರಬೇಕು. ಗೋರಾ ಸಿಪಾಯಿಗಳಲ್ಲಿ ಬಹುಪಾಲು ಜನರಿಗೆ ಮದುವೆಯಾಗಲು ಅಪ್ಪಣೆಯಿರಲಿಲ್ಲ. ಅವರ ಬಳಿ ಹೋಗುತ್ತಿದ್ದ ಬಡ ಹೆಂಗಸರ ಹೆಸರನ್ನು ಸರಕಾರವೇ ಪಟ್ಟಿಮಾಡಿಸುತ್ತಿತ್ತು. ಗುಹ್ಯರೋಗಗಳ ತಡೆಗೆಂದು 1864ರ ದಂಡುಪ್ರದೇಶಗಳ ಕಾಯಿದೆ ಬಂತು, 1868ರಲ್ಲಿ ಇನ್ನೊಂದು ಕಾಯಿದೆ ಬಂತು. ಅವುಗಳ ಪ್ರಕಾರ ಪಟ್ಟಿಯಲ್ಲಿದ್ದ ಹೆಂಗಸು ಗೊತ್ತಾದ ದಿನ ವೈದ್ಯರ ಮುಂದೆ ನಿಲ್ಲಬೇಕು. ರೋಗವಿದೆಯೆಂದರೆ 'ಲಾಕ್ ಆಸ್ಪತ್ರೆ' ಎಂಬ ಬೀಗದ ಮನೆಯಲ್ಲಿ ಕೂಡಿಹಾಕುತ್ತಿದ್ದರು. ರೋಗ ತಂದ ಸಿಪಾಯಿಗೆ ಇಂಥ ಕಾಯಿದೆ ಇಲ್ಲ. ಇಂಗ್ಲೆಂಡಿನಲ್ಲಿ ಇಂಥದೇ ಕಾಯಿದೆಗಳ ವಿರುದ್ಧ ಹೋರಾಡಿದ ಜೋಸೆಫೀನ್ ಬಟ್ಲರ್ ಎಂಬ ಹೆಣ್ಣುಮಗಳು ಭಾರತದ ಹೆಂಗಸರ ಪರವಾಗಿಯೂ ದನಿಯೆತ್ತಿದಳು. 1888ರಲ್ಲಿ 1868ರ ಕಾಯಿದೆ ರದ್ದಾಯಿತು. ರಸ್ತೆಗಳಿಗೆಲ್ಲ ತುಕಡಿಗಳ ಹೆಸರು ಉಳಿಯಿತು. ಆ ಪಟ್ಟಿಯ ಹೆಂಗಸರ ಒಂದು ಹೆಸರೂ ನಮ್ಮ ನಾಲಿಗೆಯ ಮೇಲಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಸೈನ್ಯ ಬೆಂಗಳೂರಿಗೆ ಕಾರಖಾನೆಯನ್ನೂ ತಂದಿತು. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರಕಾರದ ನೆರವಿನಿಂದ 1940ರಲ್ಲಿ ವಿಮಾನದ ಕಾರಖಾನೆ ಶುರುಮಾಡಿದರು. ಅದೇ ಇಂದಿನ ಎಚ್.ಎ.ಎಲ್. 1954ರಲ್ಲಿ ಜಾಲಹಳ್ಳಿಯಲ್ಲಿ ಬಿ.ಇ.ಎಲ್. ಹುಟ್ಟಿತು. ಸೈನ್ಯಕ್ಕೆ ರೇಡಿಯೋ, ರಾಡಾರ್ ಮಾಡಿಕೊಡುವ ಈ ಕಾರಖಾನೆಯ ಸೂಕ್ಷ್ಮ ಜೋಡಣೆಯ ಕೆಲಸಕ್ಕೆ ಹೆಂಗಸರೂ ಸೇರಿದರು. ಚುನಾವಣೆ ಕರ್ತವ್ಯಕ್ಕೆ ಹೋಗುವ ನನ್ನಂಥ ಟೀಚರುಗಳು ಇಡೀ ದಿನ ಕಾದು ಕೂರುತ್ತೇವಲ್ಲ, ಆ ಮತಯಂತ್ರವನ್ನು ಮಾಡುವ ಎರಡು ಸಂಸ್ಥೆಗಳಲ್ಲಿ ಇದೂ ಒಂದು. ಸೈನ್ಯಕ್ಕೆಂದು ಕಲಿತ ಕೈಕೆಲಸ ಮತಗಟ್ಟೆಯವರೆಗೆ ಬಂದಿದೆ.

ದಂಡು ಅನ್ನ ತರುತ್ತದೆ ನಿಜ. ಮೊದಲು ಅದಕ್ಕೆ ನೆಲ ಬೇಕು. ಕೇಂದ್ರ ಸರಕಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಜಮೀನಿರುವುದು ರಕ್ಷಣಾ ಇಲಾಖೆಗೆ. 2022ರಲ್ಲಿ ಅಳತೆ ಮುಗಿದಾಗ ಸಿಕ್ಕ ಲೆಕ್ಕ 17.78 ಲಕ್ಷ ಎಕರೆ. ಇಷ್ಟು ದೊಡ್ಡ ಅಂಕಿ ನಮ್ಮ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಕಾರವಾರಕ್ಕೆ ಬನ್ನಿ.

ಮುಂಬಯಿ ಬಂದರಿನಲ್ಲಿ ಯುದ್ಧನೌಕೆಗಳಿಗೆ ಜಾಗ ಸಾಲದೆಂದು ನೌಕಾಪಡೆ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ನೆಲೆ ಹುಡುಕಿತು. ಆಳವಾದ ಸಮುದ್ರ, ಹಿಂದೆ ಗುಡ್ಡದ ಗೋಡೆ, ಕಾರವಾರದಂಥ ಜಾಗ ಸಿಗುವುದು ಕಷ್ಟ. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ 'ಸೀಬರ್ಡ್' ಯೋಜನೆಗೆ ಅಡಿಗಲ್ಲು ಹಾಕಿದರು. ಹಣದ ಮುಗ್ಗಟ್ಟಿನಿಂದ ಕೆಲಸ ಕುಂಟಿತು. 2005ರ ಮೇ 31ರಂದು ಬನವಾಸಿಯ ಅರಸರ ನೆನಪಿಗೆ 'ಕದಂಬ' ಎಂಬ ಹೆಸರಿಟ್ಟು ನೆಲೆಯನ್ನು ದೇಶಕ್ಕೆ ಒಪ್ಪಿಸಿದರು. ಹನ್ನೊಂದು ಸಾವಿರಕ್ಕೂ ಹೆಚ್ಚು ಎಕರೆ ಹೋಯಿತು. ಕಾರವಾರ, ಅಂಕೋಲೆಗಳ ನಡುವಿನ ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಗುಂಟೆಗೆ ಎಷ್ಟು ಪರಿಹಾರ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹತ್ತಿ ಇಳಿಯಿತು.

ಪಹಣಿಯಲ್ಲಿ ಬರೆದ ಗುಂಟೆಗೆ ಬೆಲೆ ಕಟ್ಟಬಹುದು. ಇಳಿತದ ಹೊತ್ತಿನಲ್ಲಿ ಬಳಚು ಹೆಕ್ಕಿ ಮಕ್ಕಳಿಗೆ ಸಾರು ಮಾಡಿ ಹಾಕುತ್ತಿದ್ದ ಹೆಂಗಸಿಗೆ ಆ ಉಸುಕಿನ ದಂಡೆಯ ಪಹಣಿ ಎಲ್ಲಿದೆ? ಹಾಲಕ್ಕಿ ಹೆಣ್ಣುಮಕ್ಕಳು ಹಿತ್ತಿಲಲ್ಲಿ ಬೆಳೆದ ಬಸಳೆ, ಗೆಣಸು ಹೊತ್ತು ಸಂತೆಗೆ ಬರುತ್ತಾರೆ. ಹಿತ್ತಿಲು ಹೋದರೆ ಆ ಸಂತೆಯ ದುಡ್ಡೂ ಹೋಗುತ್ತದೆ, ಅದೊಂದೇ ಅವಳ ಕೈಯಲ್ಲಿ ಓಡಾಡುತ್ತಿದ್ದ ದುಡ್ಡು. ಪರಿಹಾರದ ಹಣವೋ, ಕಾಗದದಲ್ಲಿ ಯಾರ ಹೆಸರಿದೆಯೋ ಅವರಿಗೆ ಬರುತ್ತದೆ. ಕಾಗದದಲ್ಲಿ ಹೆಂಗಸಿನ ಹೆಸರು ಎಷ್ಟು ಇರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ನೌಕಾನೆಲೆ ಬೇಡವೆಂದು ನಾನು ಹೇಳುತ್ತಿಲ್ಲ. ಇಷ್ಟು ಉದ್ದದ ಕರಾವಳಿಯ ದೇಶಕ್ಕೆ ಅದು ಬೇಕು. ಆದರೆ ದೇಶರಕ್ಷಣೆಗೆ ಯಾರು ಏನು ಕೊಟ್ಟರೆಂದು ಬರೆಯುವಾಗ ಗಡಿಯ ಹೆಸರುಗಳ ಜೊತೆಗೆ ಅರ್ಗಾದ ಹೆಸರೂ ಬರಬೇಡವೇ?

ನಾನು ಕಲಿಸಿದ್ದು ಬೆಳಗಾವಿ ಸೀಮೆಯಲ್ಲಿ. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ ನೂರು ವರ್ಷದಿಂದ ಇರುವ ಊರು ಅದು. ದಂಡಿನ ಭಾಗಕ್ಕೆ ಜನ 'ಕ್ಯಾಂಪು' ಎನ್ನುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಮಿಲಿಟ್ರಿಗೆ ಹೋದವರ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ವರ್ಷಗಳಲ್ಲಿ ತಿಂಗಳ ಮೊದಲ ವಾರ ಅಂಚೆಯವನ ಚೀಲದಲ್ಲಿ ಮನಿಯಾರ್ಡರು ಬರುತ್ತಿತ್ತು. ಮಳೆ ಕೈಕೊಟ್ಟ ವರ್ಷವೂ ತಪ್ಪದೆ ಬರುತ್ತಿದ್ದ ಬೆಳೆ ಅದು. ಪ್ರಗತಿಪತ್ರಕ್ಕೆ ಸಹಿ ಹಾಕಲು ತಾಯಂದಿರೇ ಬರುತ್ತಿದ್ದರು. ಹೊಲ ಉಳುವುದು, ಎತ್ತು ಮಾರುವುದು, ಅತ್ತೆಯನ್ನು ಆಸ್ಪತ್ರೆಗೆ ಒಯ್ಯುವುದು, ನಾದಿನಿಯ ಮದುವೆ, ಎಲ್ಲ ಆಕೆಯದೇ. ಗಂಡ ವರ್ಷಕ್ಕೆ ಎರಡು ತಿಂಗಳು ಬರುವ ನೆಂಟ. ಅವನು ನಿವೃತ್ತನಾಗಿ ಬಂದಾಗ ಜೊತೆಗೆ ಪಿಂಚಣಿ, ಕ್ಯಾಂಟೀನ್ ಕಾರ್ಡು ಬರುತ್ತಿದ್ದವು. ಕಡಿಮೆ ದರದ ಸೋಪು, ಬಿಸ್ಕತ್ತುಗಳ ಆ ಕಾರ್ಡಿಗೆ ಬೀಗರ ನಡುವೆ ಇದ್ದ ಮರ್ಯಾದೆಯನ್ನು ನೋಡಿದವರೇ ಬಲ್ಲರು.

ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. ಸೇನಾ ಪೊಲೀಸಿನ ಮೊದಲ ಮಹಿಳಾ ತಂಡ, 83 ಜನ, 2021ರ ಮೇನಲ್ಲಿ ತರಬೇತಿ ಮುಗಿಸಿ ಹೊರಬಂದದ್ದು ಬೆಂಗಳೂರಿನಲ್ಲಿಯೇ. ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು ವೈದ್ಯರ ಮುಂದೆ ನಿಂತಿದ್ದ ಆ ಹಳೆಯ ಹೆಂಗಸರನ್ನು ನಾನು ಆ ದಿನ ನೆನೆದೆ.

2022ರಲ್ಲಿ ಅಗ್ನಿಪಥ ಯೋಜನೆ ಬಂದಿತು. ನಾಲ್ಕು ವರ್ಷದ ಸೇವೆ. ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬನಿಗೆ ಮುಂದುವರಿಕೆ. ಉಳಿದವರಿಗೆ ಒಂದು ಗಂಟು ಹಣ, ಪಿಂಚಣಿಯಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಆ ಪ್ರಕಟಣೆಯನ್ನು ಓದಿಸಲು ಬಂದಿದ್ದರು. ಮಾವ ಸುಬೇದಾರ್, ಗಂಡ ಹವಾಲ್ದಾರ್, ಈಗ ಮಗ ಹೊರಟಿದ್ದಾನೆ. ಪೂರ್ತಿ ಕೇಳಿಸಿಕೊಂಡು, "ನಾಕ್ ವರ್ಷಕ್ಕ ಅವಂಗ ಎಷ್ಟ್ ವಯಸ್ಸಾಕ್ಕೈತ್ರಿ ಅಕ್ಕೋರ?" ಎಂದರು. ಇಪ್ಪತ್ಮೂರು ಎಂದೆ. "ಅಂದ್ರ ಕನ್ಯಾ ನೋಡೂ ಹೊತ್ತಿಗೆ ಮನ್ಯಾಗ ಇರತಾನ. ಕ್ಯಾಂಟೀನ್ ಕಾರ್ಡ್ ಇರತೈತೇನ್ರಿ?" ಇಲ್ಲವಂತೆ ಎಂದೆ. ಅವರು ಪ್ರಕಟಣೆಯನ್ನು ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡರು. ಅರ್ಜಿ ಹಾಕಲು ಕೊನೆಯ ದಿನ ಯಾವುದೆಂದು ಇನ್ನೊಮ್ಮೆ ಕೇಳಿ, ಅಂಗೈ ಮೇಲೆ ಬರೆಸಿಕೊಂಡು ಹೋದರು.