ಗಿರಣಿಯ ನೆಲ ಯಾರದು?

ಇತಿಹಾಸ ಅಂದ ಕೂಡಲೇ ನಮ್ಮ ಪಠ್ಯಪುಸ್ತಕಗಳು ಕೋಟೆ, ಅರಮನೆ, ದೇವಸ್ಥಾನಗಳ ಮುಂದೆ ಕೈಮುಗಿದು ನಿಲ್ಲುತ್ತವೆ. ಯಾವ ದೊರೆ ಕಟ್ಟಿಸಿದ, ಎಷ್ಟು ವರ್ಷ ಆಳಿದ ಅಂತ ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಕಲ್ಲು ಹೊತ್ತವರ ಲೆಕ್ಕ ಅಲ್ಲಿ ಸಿಗೋದಿಲ್ಲ. ದುಡಿಯುವ ಜನರ ಚರಿತ್ರೆ ಓದಬೇಕಾದರೆ ನಾವು ಬೇರೆ ಕಟ್ಟಡಗಳ ಒಳಗೆ ಹೋಗಬೇಕು. ಅಂಥ ಒಂದು ಕಟ್ಟಡ ಮುಂಬಯಿಯ ಹತ್ತಿ ಗಿರಣಿ. ಅದು ಹೊಲವನ್ನೂ ಯಂತ್ರವನ್ನೂ ಒಂದೇ ಛಾವಣಿಯ ಕೆಳಗೆ ತಂದ ಕಟ್ಟಡ. ಒಂದೂವರೆ ಶತಮಾನದಲ್ಲಿ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಏನಾಗಿದ್ದದ್ದು ಏನಾಯಿತು ಅನ್ನೋದನ್ನ ನಾವು ಇಲ್ಲಿ ನೋಡಬೇಕಾಗಿದೆ.

ಕವಾಸಜಿ ದಾವರ್ ಎಂಬ ಪಾರ್ಸಿ ವ್ಯಾಪಾರಿ 1854ರಲ್ಲಿ ಕಂಪನಿ ಕಟ್ಟಿದ. 1856ರಲ್ಲಿ ತಾರ್‌ದೇವ್‌ನಲ್ಲಿ ಅವನ ಗಿರಣಿ ನೂಲು ತೆಗೆಯಿತು. ಗಿರಣಿಗೆ ಹತ್ತಿ ಬಂದದ್ದು ಖಾನದೇಶ, ವಿದರ್ಭ, ಗುಜರಾತ, ನಮ್ಮ ಧಾರವಾಡದ ಕಡೆಯ ಕರಿಮಣ್ಣಿನಿಂದ. ಲಂಕಾಶೈರಿನ ಯಂತ್ರಗಳಿಗೆ ಉದ್ದ ಎಳೆಯ ಹತ್ತಿ ಬೇಕು ಅಂತ 1840ರ ದಶಕದಲ್ಲೇ ಕಂಪನಿ ಸರ್ಕಾರ ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜ ಹಾಕಿಸಿತ್ತು. ಅಮೆರಿಕದಲ್ಲಿ ಆ ಹತ್ತಿಯನ್ನು ಬಿಡಿಸುತ್ತಿದ್ದವರು ಕರಿಯ ಗುಲಾಮರು. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆದು ಹತ್ತಿ ನಿಂತಿತು. ಮುಂಬಯಿಯ ದಲ್ಲಾಳಿಗಳಿಗೆ ಹಬ್ಬವಾಯಿತು. ಗುಲಾಮರ ಬಿಡುಗಡೆಗೆ ರಕ್ತ ಹರಿಯುತ್ತಿದ್ದಾಗ ಇಲ್ಲಿ ಸಾಹುಕಾರರ ಪೆಟ್ಟಿಗೆ ತುಂಬುತ್ತಿತ್ತು. ಯುದ್ಧ ಮುಗಿದ 1865ರಲ್ಲೇ ಬೆಲೆ ಬಿತ್ತು, ಮುಂಬಯಿಯ ಶೇರುಪೇಟೆ ಕುಸಿಯಿತು. ಆ ಏರಿಳಿತದಲ್ಲಿ ಉಳಿದುಕೊಂಡ ದುಡ್ಡಿನಲ್ಲಿ ಒಂದಿಷ್ಟು ಮುಂದೆ ಗಿರಣಿಗಳ ಗೋಡೆಯಾಗಿ, ಚಿಮಣಿಯಾಗಿ ಎದ್ದು ನಿಂತಿತು.

ಆ ಗೋಡೆಯೊಳಗೆ ದುಡಿಯಲು ಬಂದವರು ಯಾರು? ರತ್ನಾಗಿರಿಯಿಂದ, ಸಾತಾರದಿಂದ, ಕೊಲ್ಹಾಪುರದಿಂದ ಬಂದ ಬಡ ರೈತರು, ಭೂಮಿ ಇಲ್ಲದವರು. ಅವರ ಜೊತೆಗೆ ಮಹಾರರೂ ಬಂದರು. ಊರಿನಲ್ಲಿ ಸತ್ತ ದನ ಎಳೆದು, ಸರ್ಕಾರಿ ಟಪ್ಪಾಲು ಹೊತ್ತು, ಮನೆಮನೆಯ ರೊಟ್ಟಿ ಬೇಡಿ ಬದುಕಬೇಕಾಗಿದ್ದವರು. ಅವರಿಗೆ ಒಂದು ಬಾಗಿಲಾಗಿದ್ದ ಸೈನ್ಯದ ನೌಕರಿಯನ್ನೂ 1890ರ ದಶಕದಲ್ಲಿ ಬ್ರಿಟಿಷರು ಮುಚ್ಚಿದರು. ಪಟ್ಟಣದ ಗಿರಣಿ ಜಾತಿ ಕೇಳೋದಿಲ್ಲ, ಕೈ ಕೇಳುತ್ತದೆ ಅಂತ ಅವರು ನಂಬಿ ಬಂದಿರಬೇಕು. ಯಂತ್ರ ಬಂದರೆ ಜಾತಿ ತಾನಾಗಿ ಹೋಗುತ್ತದೆ ಅಂತ ಇವತ್ತಿಗೂ ಭಾಷಣ ಮಾಡುವವರಿದ್ದಾರೆ. ಅವರು ಈ ಗಿರಣಿಯ ನೇಯ್ಗೆ ವಿಭಾಗವನ್ನು ಒಂದು ಸಾರಿ ನೋಡಬೇಕು.

ಗಿರಣಿಯಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದದ್ದು ನೇಯ್ಗೆಯಲ್ಲಿ. ಮಗ್ಗದ ಲಾಳಿಯೊಳಗಿನ ನೂಲು ಮುಗಿದಾಗ, ಹೊಸ ಕಂಡಿಕೆ ಹಾಕಿ ಅದರ ಎಳೆಯನ್ನು ಲಾಳಿಯ ಸಣ್ಣ ತೂತಿನಿಂದ ಹೊರಗೆ ತೆಗೆಯಬೇಕು. ನೇಕಾರ ಬಾಯಿಟ್ಟು ಉಸಿರು ಎಳೆದು ಅದನ್ನು ಹೊರಗೆ ತೆಗೆಯುತ್ತಿದ್ದ. ಒಂದೇ ಲಾಳಿಗೆ ಹಲವರ ಬಾಯಿ ತಾಗುತ್ತಿತ್ತು. ಮುಟ್ಟಿಸಿಕೊಳ್ಳದವನ ಎಂಜಲು ತಾಗಿದ ಲಾಳಿಗೆ ನಾವು ಹೇಗೆ ಬಾಯಿಡೋದು ಅಂತ ಸವರ್ಣ ನೇಕಾರರು ಹಟ ಹಿಡಿದರು. ದಲಿತರಿಗೆ ನೇಯ್ಗೆಯ ಬಾಗಿಲು ಮುಚ್ಚಿತು. ಕಡಿಮೆ ಕೂಲಿಯ ನೂಲುವ ವಿಭಾಗ, ಕಸ ಗುಡಿಸೋದು, ಹೊರೆ ಹೊರೋದು ಅವರ ಪಾಲಿಗೆ ಉಳಿಯಿತು. ಇದೇ ಲಾಳಿಯ ಪದ್ಧತಿಯಿಂದ ರೋಗ ಹರಡುತ್ತದೆ ಅಂತ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ 1911ರಲ್ಲೇ ಅದನ್ನು ನಿಷೇಧಿಸಿತು. ಅಲ್ಲಿ ಎಂಜಲು ಆರೋಗ್ಯದ ಪ್ರಶ್ನೆಯಾಯಿತು. ಇಲ್ಲಿ ಎಂಜಲು ಮೈಲಿಗೆಯ ಪ್ರಶ್ನೆಯಾಗಿ ಒಬ್ಬನ ಕೂಲಿಯನ್ನು ಕಿತ್ತುಕೊಂಡಿತು. ಯಂತ್ರ ಒಂದೇ, ಕಬ್ಬಿಣ ಒಂದೇ. ಅದರ ಮುಂದೆ ನಿಂತ ಸಮಾಜ ಬೇರೆ.

1928ರಲ್ಲಿ ಗಿರಣಿಗಳ ದೊಡ್ಡ ಮುಷ್ಕರ ಆರು ತಿಂಗಳು ನಡೆಯಿತು. ಡಾ. ಅಂಬೇಡ್ಕರ್ ಆಗ ಪರೇಲಿನ ಚಾಳಿನಲ್ಲೇ ಇದ್ದವರು. ಗಿರಣಿಯ ಸೈರನ್ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ದಲಿತರಿಗೆ ನೇಯ್ಗೆ ವಿಭಾಗ ತೆರೆಯಬೇಕು ಅನ್ನೋದನ್ನ ಬೇಡಿಕೆ ಪಟ್ಟಿಗೆ ಸೇರಿಸಿ ಅಂತ ಅವರು ಮುಷ್ಕರದ ನಾಯಕರಿಗೆ ಹೇಳಿದರು. ನಾಯಕರು ಒಲ್ಲದ ಮನಸ್ಸಿನಿಂದ ಸೇರಿಸಿದರು. ಆ ಬೇಡಿಕೆ ಮುಂದೆ ಬಂದಾಗ ಮಾಲೀಕರು ಹೇಳಿದ್ದು, ಇದು ಅನ್ಯಾಯವೇ ಆದರೂ ಅದಕ್ಕೆ ಹೊಣೆ ತಾವಲ್ಲ ಅಂತ. ಈ ಮಾತಿನ ಮುಂದೆ ನಾವು ಒಂದು ಗಳಿಗೆ ನಿಲ್ಲಬೇಕು. ಮಾಲೀಕನಿಗೆ ಇದು ಲಾಭದ ವಿಷಯ, ಕಾರ್ಮಿಕರು ಒಡೆದಷ್ಟೂ ಅವನಿಗೆ ಒಳ್ಳೆಯದು. ಆದರೆ ಬಾಗಿಲಲ್ಲಿ ನಿಂತು ಅಡ್ಡ ಕೈ ಹಾಕಿದವನು ಪಕ್ಕದ ಕಾರ್ಮಿಕನೇ. ಹತ್ತು ವರ್ಷ ಕಳೆದು, 1938ರಲ್ಲಿ ಮನಮಾಡದ ರೈಲ್ವೆ ಕಾರ್ಮಿಕರ ಸಭೆಯಲ್ಲಿ ಅಂಬೇಡ್ಕರ್ ದುಡಿಯುವವರಿಗೆ ಶತ್ರುಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂತ ಸಾರಿದ ಮಾತಿನ ಹಿಂದೆ ಈ ಲಾಳಿ ಇದೆ. ಅದೇ ವರ್ಷ ನವೆಂಬರ್ 7ರಂದು ಮುಷ್ಕರದ ಹಕ್ಕಿಗೆ ಕತ್ತರಿ ಹಾಕುವ ಮಸೂದೆಯ ವಿರುದ್ಧ ಅವರ ಸ್ವತಂತ್ರ ಕಾರ್ಮಿಕ ಪಕ್ಷವೂ ಕಮ್ಯುನಿಸ್ಟರೂ ಜೊತೆಗೂಡಿ ಮುಷ್ಕರ ಮಾಡಿದರು. ಒಂದಾಗೋದು ಸಾಧ್ಯ ಅಂತಲೂ ಆ ದಿನ ತೋರಿಸಿತು.

ಸ್ವಾತಂತ್ರ್ಯ ಬಂದಮೇಲೂ ಗಿರಣಿ ಗಿರಣಿಯಾಗೇ ಇತ್ತು. ಸುತ್ತಲಿನ ಚಾಳುಗಳಲ್ಲಿ ಲಾವಣಿ, ತಮಾಷಾ, ಕೆಂಬಾವುಟ, ನೀಲಿ ಬಾವುಟ ಎಲ್ಲ ಬೆಳೆದವು. ಅಣ್ಣಾಭಾವು ಸಾಠೆ, ನಾರಾಯಣ ಸುರ್ವೆ ಈ ಶ್ರಮಿಕ ಮುಂಬಯಿಯ ಬರಹಗಾರರು. 1972ರಲ್ಲಿ ದಲಿತ ಪ್ಯಾಂಥರ್ ಹುಟ್ಟಿದ್ದು ಇದೇ ಶಹರದಲ್ಲಿ. 1974ರ ಜನವರಿಯಲ್ಲಿ ವರ್ಲಿಯ ಚಾಳುಗಳಲ್ಲಿ ದಲಿತರ ಮೇಲೆ ಹಲ್ಲೆ ನಡೆದದ್ದೂ ಈ ಗಿರಣಿಗಳ ನೆರಳಿನಲ್ಲೇ.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಆ ಮುಷ್ಕರ ಮುಗಿಯಿತು ಅಂತ ಯಾರೂ ಘೋಷಿಸಲಿಲ್ಲ. ಜನ ಊರಿಗೆ ಹಿಂತಿರುಗಿದರು, ಹೆಂಡತಿಯ ತಾಳಿ ಮಾರಿದರು, ಗಾಡಿಯಲ್ಲಿ ತರಕಾರಿ ಮಾರಿದರು. ಮಾಲೀಕರಿಗೆ ಅಷ್ಟರಲ್ಲಿ ಒಂದು ಸತ್ಯ ತಿಳಿದಿತ್ತು: ಗಿರಣಿಯೊಳಗಿನ ಬಟ್ಟೆಗಿಂತ ಗಿರಣಿ ಕೆಳಗಿನ ಮಣ್ಣಿಗೆ ಬೆಲೆ ಜಾಸ್ತಿ. 1991ರ ನಿಯಮದಲ್ಲಿ ಗಿರಣಿ ಭೂಮಿಯನ್ನು ಮಾರುವಾಗ ಮೂರು ಪಾಲು ಮಾಡಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಮಾಲೀಕನಿಗೆ ಅಂತ ಇತ್ತು. 2001ರಲ್ಲಿ ಆ ನಿಯಮವನ್ನು ತಿದ್ದಿ, ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಲೆಕ್ಕ ಅಂದರು. ಮುಂಬಯಿ ಹೈಕೋರ್ಟು 2005ರಲ್ಲಿ ಜನರ ಪರ ನಿಂತಿತು. 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಒಂದು ಅಕ್ಷರದ ತಿದ್ದುಪಡಿಯಲ್ಲಿ ಸಾವಿರಾರು ಮನೆಗಳು ಕಾಗದದ ಮೇಲೆಯೇ ಸತ್ತವು. 1905ರ ಫೀನಿಕ್ಸ್ ಗಿರಣಿ ಈಗ ದೊಡ್ಡ ಮಾಲ್. ಅಲ್ಲಿ ಚಿಮಣಿ ಇನ್ನೂ ನಿಂತಿದೆ, ಹೊಗೆ ಇಲ್ಲ, ಅಲಂಕಾರಕ್ಕೆ. ನಮ್ಮ ಬೆಂಗಳೂರಿನ ಬಿನ್ನಿ ಮಿಲ್ಲಿನ ನೆಲದಲ್ಲೂ ಅಪಾರ್ಟ್‌ಮೆಂಟುಗಳು ಎದ್ದಿವೆ.

ಈ ಕತೆಯಲ್ಲಿ ಒಂದು ಗಿರಣಿ ಮಾತ್ರ ಬೇರೆ ದಾರಿ ಹಿಡಿಯಿತು. ದಾದರಿನಲ್ಲಿ, ಅಂಬೇಡ್ಕರರ ಅಂತ್ಯಕ್ರಿಯೆ ನಡೆದ ಚೈತ್ಯಭೂಮಿಯ ಹತ್ತಿರವೇ ಇಂಡಿಯಾ ಯುನೈಟೆಡ್ ಮಿಲ್ ನಂಬರ್ 6 ಇತ್ತು. ಜನರ ಬಾಯಲ್ಲಿ ಇಂದೂ ಮಿಲ್. ಅದರ ಯಂತ್ರಗಳು ನಿಂತುಹೋಗಿ, ಭೂಮಿ ರಾಷ್ಟ್ರೀಯ ಜವಳಿ ನಿಗಮದ ಕೈಯಲ್ಲಿತ್ತು. ಪ್ರತಿ ಡಿಸೆಂಬರ್ 6ಕ್ಕೆ ಲಕ್ಷಾಂತರ ಜನ ಬರುವಾಗ ಕಾಲಿಡಲು ಜಾಗ ಇಲ್ಲ, ಪಕ್ಕದಲ್ಲಿ ಹನ್ನೆರಡು ಎಕರೆ ಬೀಗ ಹಾಕಿಕೊಂಡು ಬಿದ್ದಿದೆ. 2011ರ ಡಿಸೆಂಬರ್ 6ರಂದು ಆನಂದರಾಜ ಅಂಬೇಡ್ಕರರ ರಿಪಬ್ಲಿಕನ್ ಸೇನೆಯ ಜನ ಒಳಗೆ ನುಗ್ಗಿ ಕೂತರು. ಮರುವರ್ಷ ಡಿಸೆಂಬರಿನಲ್ಲಿ ಭೂಮಿಯನ್ನು ಸ್ಮಾರಕಕ್ಕೆ ಕೊಡುತ್ತೇವೆ ಅಂತ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಬೇಕಾಯಿತು. 2015ರ ಅಕ್ಟೋಬರಿನಲ್ಲಿ ಮುಂದಿನ ಸರ್ಕಾರ ಅಡಿಗಲ್ಲು ಹಾಕಿತು. ಇದು ಯಾರೂ ಕೊಟ್ಟ ದಾನವಲ್ಲ, ಕೂತು ಪಡೆದ ನೆಲ. ನೇಯ್ಗೆಯ ಬಾಗಿಲು ಮುಚ್ಚಿಸಿಕೊಂಡವರ ಮೊಮ್ಮಕ್ಕಳು ಗಿರಣಿಯ ದೊಡ್ಡ ಬಾಗಿಲನ್ನೇ ತೆಗೆಸಿದರು.

ಇಲ್ಲಿಗೆ ನಮ್ಮ ಸಂತೋಷ ಮುಗಿಯುವುದಿಲ್ಲ, ನಮ್ಮ ಪ್ರಶ್ನೆಯೂ ಮುಗಿಯುವುದಿಲ್ಲ. 2020ರಲ್ಲಿ ಸರ್ಕಾರ ಪ್ರತಿಮೆಯ ಎತ್ತರವನ್ನು ಪೀಠ ಸೇರಿ 450 ಅಡಿಗೆ ಏರಿಸಿತು. ಅದೇ ತಿಂಗಳು, ಗಿರಣಿ ಕಾರ್ಮಿಕರ ಮಕ್ಕಳಿಗೆಂದು 1929ರಲ್ಲಿ ಕಟ್ಟಿದ ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆ ದುಡ್ಡಿಲ್ಲದೆ ಒದ್ದಾಡುತ್ತಿತ್ತು. ಆ ಹಣವನ್ನು ಆಸ್ಪತ್ರೆಗೆ ಕೊಡಿ ಅಂತ ಪ್ರಕಾಶ ಅಂಬೇಡ್ಕರರೇ ಹೇಳಿದರು. ಅಲ್ಲಿ ಪ್ರತಿಮೆಗಿಂತ ಅಧ್ಯಯನ ಕೇಂದ್ರ ಬೇಕು ಅಂತ ಅವರು ವಾದಿಸಿದ್ದಾರೆ. ಎತ್ತರ ಕಟ್ಟೋದು ಸರ್ಕಾರಗಳಿಗೆ ಸುಲಭ. ಎತ್ತರದ ವಿಗ್ರಹ ಪ್ರಶ್ನೆ ಕೇಳುವುದಿಲ್ಲ. ಗ್ರಂಥಾಲಯದಲ್ಲಿ ಕೂತ ಹುಡುಗಿ ಕೇಳುತ್ತಾಳೆ. ಆ ಸ್ಮಾರಕದಲ್ಲಿ ಒಂದು ಲಾಳಿ ಇಡುತ್ತಾರಾ? ಅದರ ತೂತಿಗೆ ಯಾರು ಬಾಯಿಡಬಹುದಿತ್ತು, ಯಾರು ಇಡುವ ಹಾಗಿರಲಿಲ್ಲ ಅಂತ ಬರೆಯುತ್ತಾರಾ? 1982ರಲ್ಲಿ ಬೀದಿಗೆ ಬಿದ್ದವರ ಮನೆಯ ಮಾತು ಅಲ್ಲಿ ಬರುತ್ತದಾ?

ಹಳ್ಳಿಯ ಮೇಷ್ಟರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಮಾತು. ಇದನ್ನು ಮುಂಬಯಿಯ ಕತೆ ಅಂತ ಓದಿ ಮಡಚಿಡಬೇಡಿ. ನಿಮ್ಮ ಊರಲ್ಲೂ ಹಳೇ ಹತ್ತಿ ಜಿನ್ನು, ಅಕ್ಕಿ ಗಿರಣಿ, ಹೆಂಚಿನ ಕಾರ್ಖಾನೆ ಇರಬಹುದು. ಛಾವಣಿ ಬಿದ್ದಿರಬಹುದು, ಕಲ್ಯಾಣ ಮಂಟಪವೇ ಆಗಿರಬಹುದು. ಅಲ್ಲಿ ದುಡಿದ ಮುದುಕರು ಇನ್ನೂ ಬದುಕಿದ್ದಾರೆ. ಹೋಗಿ ಕೇಳಿ: ತಕ್ಕಡಿಯ ಹತ್ತಿರ ಯಾರು ನಿಲ್ಲುತ್ತಿದ್ದರು, ಮೂಟೆಯ ಕೆಳಗೆ ಯಾರು? ಕೂಲಿ ಎಲ್ಲರಿಗೂ ಕೈಗೆ ಕೊಡುತ್ತಿದ್ದರೋ, ಕೆಲವರಿಗೆ ಮೇಲಿಂದ ಹಾಕುತ್ತಿದ್ದರೋ? ಕುಡಿಯುವ ನೀರಿನ ಗಡಿಗೆ ಒಂದಿತ್ತೋ, ಎರಡೋ? ಆ ನೆಲ ಈಗ ಯಾರ ಹೆಸರಿನಲ್ಲಿದೆ? ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ತರಗತಿಯಲ್ಲಿ ಓದಿ. ಆ ಮುದುಕರು ಹೋದಮೇಲೆ ಗೋಡೆಗಳು ನಮಗೆ ಏನನ್ನೂ ಹೇಳುವುದಿಲ್ಲ.