ಮದುವೆಯ ಆಹೇರಿಗೆ ಅಡುಗೆಮನೆಯ ಚಾಕು: ಆಯ್ಕೆ, ಪಾಲನೆ, ಪಟ್ಟಿ



ದೀಪಾವಳಿ ಮುಗಿದು ತುಳಸಿ ಲಗ್ನವಾಯಿತೆಂದರೆ ನಮ್ಮ ಭಾಗದಲ್ಲಿ ಮದುವೆಗಳ ಹಂಗಾಮು ಶುರು. ಉದಗಾಂವ, ಜಯಸಿಂಗಪುರ, ಇಚಲಕರಂಜಿ, ಗಡಹಿಂಗ್ಲಜ, ಕೊಲ್ಹಾಪುರ ಎಲ್ಲ ಕಡೆಯ ಸದಸ್ಯರೂ ಕೇಳುವ ಪ್ರಶ್ನೆ ಒಂದೇ: "ಆಹೇರಿಗೆ ಏನು ಒಯ್ಯೋಣ?" ಗೋಡೆ ಗಡಿಯಾರ, ಊಟದ ಸೆಟ್ಟು, ಲೆಮನ್ ಸೆಟ್ಟು ಒಂದೇ ಮನೆಗೆ ನಾಲ್ಕು ನಾಲ್ಕು ಬರುತ್ತವೆ. ದಿನಕ್ಕೆ ಎರಡು ಹೊತ್ತು ಬೇಕಾಗುವ ಒಳ್ಳೆಯ ಚಾಕು ಮಾತ್ರ ಬರುವುದಿಲ್ಲ.

ಈಗ ಪುಣೆ, ಬೆಂಗಳೂರಿನಲ್ಲಿ ಹೊಸ ಸಂಸಾರ ಹೂಡುವ ಮಕ್ಕಳು ತಮಗೆ ಬೇಕಾದ ವಸ್ತುಗಳ ಪಟ್ಟಿ ಮಾಡಿ ಗೆಳೆಯರಿಗೆ, ಬಂಧುಗಳಿಗೆ ಕಳಿಸುವ ರೂಢಿ ಬಂದಿದೆ. ಈ ಪದ್ಧತಿಯನ್ನು ಅಮೆರಿಕದ ಶಿಕಾಗೋದ ಮಾರ್ಷಲ್ ಫೀಲ್ಡ್ ಮಳಿಗೆ 1924ರಲ್ಲಿ ಶುರು ಮಾಡಿತು. ಅಂಥ ಪಟ್ಟಿಯಲ್ಲಿ "ಚಾಕು ಸೆಟ್ಟು" ಎಂಬ ಒಂದು ಸಾಲು ಇದ್ದೇ ಇರುತ್ತದೆ. ಆ ಒಂದು ಸಾಲಿಗಾಗಿ ಈ ಲೇಖನ.

ಸಾರವನ್ನು ಮೊದಲೇ ಹೇಳಿಬಿಡುತ್ತೇವೆ. ಹನ್ನೆರಡು ಚಾಕುಗಳ ಪೆಟ್ಟಿಗೆಗಿಂತ ಬಳಸುವವರ ಕೈಗೆ ಹೊಂದುವ ಒಂದು ಚಾಕು, ಮಸೆಯಲು ಒಂದು ಸಾಣೆಕಲ್ಲು, ಹೆಚ್ಚಲು ಒಂದು ಕಟ್ಟಿಗೆಯ ಮಣೆ, ಈ ಮೂರು ಸೇರಿದ ಉಡುಗೊರೆ ಮೇಲು.

1. ಚಾಕು ಕೊಟ್ಟರೆ ಸಂಬಂಧ ಕಡಿಯುವುದೇ?

ಹಿರಿಯರ ಮೊದಲ ಆಕ್ಷೇಪ ಇದೇ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲಿಟ್ಟು ಕೊಡಬೇಕು ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಯುರೋಪಿನಲ್ಲೂ ಇಂಥ ನಂಬಿಕೆ ಇದೆ. ಅಲ್ಲಿ ಚಾಕು ಪಡೆದವರು ಕೊಟ್ಟವರಿಗೆ ಒಂದು ನಾಣ್ಯ ಕೊಟ್ಟು, ಅದನ್ನು "ಕೊಂಡುಕೊಂಡಂತೆ" ಮಾಡಿ ದೋಷ ಕಳೆಯುತ್ತಾರೆ.

ಆದರೆ ನಮ್ಮ ಮದುವೆಗಳಲ್ಲಿ ಅಲಗು ಅಶುಭವಲ್ಲ. ಕೊಲ್ಹಾಪುರದ ಕಡೆ ಅರಿಶಿಣವಾದ ಮದುಮಗನ ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಕಟ್ಯಾರ ಇರುತ್ತದೆ. ಕೊಡಗಿನಲ್ಲಿ ಮದುಮಗ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ಬರುತ್ತಾನೆ, ಬಾಳೆದಿಂಡು ಕಡಿಯುವುದು ಅಲ್ಲಿ ಗೌರವದ ಆಚರಣೆ. ಖಂಡೇನವಮಿಯ ದಿನ ಗಡಿಯ ಈಚೆಗೂ ಆಚೆಗೂ ಈಳಿಗೆ, ಕುಡುಗೋಲುಗಳಿಗೆ ಕುಂಕುಮ ಹಚ್ಚುತ್ತೇವೆ. ಪೂಜೆಗೆ ಸಲ್ಲುವ ವಸ್ತು ಉಡುಗೊರೆಗೂ ಸಲ್ಲುತ್ತದೆ. ಆದರೂ ಮನೆಯ ಅಜ್ಜಿಯ ಮನಸ್ಸಿಗೆ ಕಸಿವಿಸಿಯಾದರೆ ಒಂದು ರೂಪಾಯಿ ಪಡೆದು ಚಾಕು ಕೊಡಿ. ಕೈಯಿಂದ ಕೈಗೆ ಕೊಡಬಾರದು ಎಂಬ ಮಾತಂತೂ ಸುರಕ್ಷತೆಯ ದೃಷ್ಟಿಯಿಂದ ಸರಿಯಾದದ್ದೇ.

2. ಮೊದಲು ಕೇಳಿರಿ

ಕೊಳ್ಳುವ ಮೊದಲು ನಾಲ್ಕು ಮಾತು ಕೇಳಿ.

ಅಡುಗೆ ಮಾಡುವವರು ಯಾರು? ವಧುವೇ ಎಂದು ನಾವೇ ತೀರ್ಮಾನಿಸಬಾರದು. ಇಬ್ಬರೂ ನೌಕರಿಗೆ ಹೋಗುವ ಮನೆಯಲ್ಲಿ ಚಾಕು ಇಬ್ಬರ ಕೈಗೂ ಬರುತ್ತದೆ, ಬರಲೂಬೇಕು. ಎಡಗೈ ರೂಢಿಯವರಿದ್ದಾರೆಯೇ? ಒಂದೇ ಬದಿಗೆ ಮಸೆದ ಅಲಗು, ಒಂದು ಕೈಗೆಂದೇ ರೂಪಿಸಿದ ಹಿಡಿ ಅವರಿಗೆ ಒಗ್ಗುವುದಿಲ್ಲ.

ಮನೆಯ ಆಹಾರ ಯಾವುದು? ತಾಂಬಡಾ-ಪಾಂಢರಾ ರಸ್ಸಾ ಮಾಡುವ ಮನೆಗೆ ಮಾಂಸಕ್ಕೆ ಬೇರೆ ಚಾಕು, ಬೇರೆ ಮಣೆ ಅಗತ್ಯ. ಶುಚಿತ್ವಕ್ಕೂ ಅದೇ ಸರಿ. ಜೈನ, ಲಿಂಗಾಯತ ಮನೆಗಳಿಗೆ ಮಾಂಸ ಕಡಿಯುವ ದೊಡ್ಡ ಕತ್ತಿ ಇರುವ ಸೆಟ್ಟು ಒಯ್ದರೆ ಅದು ಅಟ್ಟ ಸೇರುತ್ತದೆ. ಕೊನೆಯದಾಗಿ, ಅವರು ಕುಳಿತು ಹೆಚ್ಚುವವರೋ ನಿಂತು ಹೆಚ್ಚುವವರೋ? ಇದು ಮುಂದಿನ ವಿಷಯ.

3. ಈಳಿಗೆಯೋ, ಚಾಕುವೋ?

ನಾವು ಈಳಿಗೆ ಅನ್ನುವುದನ್ನು ನೆರೆಯ ಮರಾಠಿ ಮನೆಯವರು ವಿಳಿ ಅನ್ನುತ್ತಾರೆ, ಕರಾವಳಿಯವರು ಮೆಟ್ಟುಕತ್ತಿ ಅನ್ನುತ್ತಾರೆ, ಬಂಗಾಳದವರು ಬೋಟಿ ಅನ್ನುತ್ತಾರೆ. ಕೆಲಸ ಒಂದೇ. ಅಲಗು ನಿಂತಿರುತ್ತದೆ, ಕಾಯಿಪಲ್ಲೆ ಅದರ ಮೇಲೆ ಚಲಿಸುತ್ತದೆ. ಮಣೆಯನ್ನು ಕಾಲು ಒತ್ತಿ ಹಿಡಿಯುವುದರಿಂದ ಎರಡೂ ಕೈ ಖಾಲಿ. ಕುಂಬಳಕಾಯಿ, ಎಲೆಕೋಸಿನಂಥ ದಪ್ಪ ಕಾಯಿಗೆ, ಮೆಂತ್ಯೆ ಸೊಪ್ಪಿನ ಕಟ್ಟಿಗೆ, ಎಣ್ಣೆಗಾಯಿಗೆ ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕು ಸೀಳು ಮಾಡುವುದಕ್ಕೆ ಅದರಷ್ಟು ಅನುಕೂಲದ್ದು ಬೇರೆ ಇಲ್ಲ. ತುದಿಯಲ್ಲಿ ತುರಿಮಣೆ ಇದ್ದರೆ ಕೊಬ್ಬರಿ ತುರಿಯುವ ಕೆಲಸವೂ ಆಯಿತು.

ಆದರೆ ಈಳಿಗೆಗೆ ನೆಲ ಬೇಕು, ಮಡಚುವ ಮೊಣಕಾಲು ಬೇಕು. ಈಗಿನ ಫ್ಲಾಟುಗಳ ಅಡುಗೆಮನೆ ನಿಂತು ಮಾಡುವಂಥದ್ದು, ಅಲ್ಲಿ ಚಾಕುವೇ ಸರಿ. ಮನೆಯಲ್ಲಿ ಅತ್ತೆ ಕುಳಿತು, ಸೊಸೆ ನಿಂತು ಹೆಚ್ಚುವುದಾದರೆ ಎರಡೂ ಇರಲಿ. ಈಳಿಗೆ ಕೊಡುವುದಾದರೆ ಅಲಗು ಮಡಚಿ ಭದ್ರವಾಗಿ ಕೂರುವಂಥದ್ದನ್ನು ಕೊಡಿ. ಮೇಲ್ಮುಖವಾಗಿ ನಿಂತ ಅಲಗು ಚಿಕ್ಕಮಕ್ಕಳಿರುವ ಮನೆಯಲ್ಲಿ ಅಪಾಯ.

4. ಎಷ್ಟು ಚಾಕು ಬೇಕು?

ಮೂರು ಸಾಕು.

ಒಂದು, 6ರಿಂದ 8 ಇಂಚು ಅಲಗಿನ ದೊಡ್ಡ ಚಾಕು. ಉಳ್ಳಾಗಡ್ಡಿ, ಕೋಸು, ಸೊಪ್ಪು, ಕಲ್ಲಂಗಡಿ ಎಲ್ಲಕ್ಕೂ ಇದೇ. ಚಿಕ್ಕ ಕೈಗೆ 6 ಇಂಚಿನದು ಸಾಕು. ಜಪಾನಿ ಮಾದರಿಯ ಸಾಂತೋಕು ಎಂಬುದೂ ಈ ಗಾತ್ರದ್ದೇ. ಅದರ ಬಾಯಿ ಹೆಚ್ಚು ನೇರ, ತುದಿ ಮೊಂಡ.

ಎರಡು, 3ರಿಂದ 4 ಇಂಚಿನ ಸಣ್ಣ ಚಾಕು. ಸಿಪ್ಪೆ ತೆಗೆಯಲು, ಬಳ್ಳೊಳ್ಳಿಗೆ, ಹಣ್ಣಿಗೆ.

ಮೂರು, ಗರಗಸದ ಹಲ್ಲಿನ ಚಾಕು. ಬ್ರೆಡ್ಡಿಗೆ, ಮೆತ್ತಗಿನ ಟೊಮ್ಯಾಟೋಗೆ. ಬ್ರೆಡ್ ತಿನ್ನದ ಮನೆಗೆ ಇದೂ ಬೇಡ.

ಉಳಿದ ಒಂಬತ್ತು ಚಾಕುಗಳಿಗೆ ಕೊಡುವ ಹಣವನ್ನು ಮೊದಲನೆಯ ಚಾಕುವಿಗೆ ಸೇರಿಸಿದರೆ ಉಡುಗೊರೆ ವರ್ಷಗಟ್ಟಲೆ ಬಾಳುತ್ತದೆ.

5. ಉಕ್ಕಿನ ವಿಚಾರ

ಭಾಂಡೆ ಕೊಳ್ಳುವಾಗ ಅಯಸ್ಕಾಂತ ಹಚ್ಚಿ ನೋಡುವ ರೂಢಿ ನಮ್ಮಲ್ಲಿದೆ. ಅಂಟಿದರೆ ಕಳಪೆ, ಅಂಟದಿದ್ದರೆ ಅಸಲಿ ಸ್ಟೀಲು ಎಂಬ ಲೆಕ್ಕ. ಪಾತ್ರೆಯ 18/8 ಸ್ಟೀಲಿಗೆ ಈ ಪರೀಕ್ಷೆ ತಕ್ಕಮಟ್ಟಿಗೆ ನಡೆಯುತ್ತದೆ. ಚಾಕುವಿಗೆ ನಡೆಯುವುದಿಲ್ಲ. ಪಾತ್ರೆಯ ಸ್ಟೀಲನ್ನು ಕಾಯಿಸಿ ತಣಿಸಿದರೂ ಅದು ಗಟ್ಟಿಯಾಗದು, ಹರಿತವೂ ನಿಲ್ಲದು. ಚಾಕುವಿನ ಸ್ಟೀಲಿನಲ್ಲಿ ಇಂಗಾಲ ಹೆಚ್ಚು, ಕಾಯಿಸಿ ಹದ ಮಾಡಿದಾಗ ಗಟ್ಟಿಯಾಗುತ್ತದೆ, ಅಯಸ್ಕಾಂತಕ್ಕೂ ಅಂಟುತ್ತದೆ. ಆದ್ದರಿಂದ ಚಾಕುವಿಗೆ ಅಯಸ್ಕಾಂತ ಅಂಟಿದರೆ ಗಾಬರಿ ಬೇಡ, ಅದು ಅಂಟಬೇಕಾದದ್ದೇ.

ಸ್ಟೇನ್‌ಲೆಸ್ ಎನ್ನಲು ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರಬೇಕು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂಥ ಉಕ್ಕು ತಯಾರಿಸಿದ ಮೇಲೆ ಅಲ್ಲಿ ತುಕ್ಕು ಹಿಡಿಯದ ಚಾಕುಗಳು ಬಂದವು. ಹೊಸ ಸಂಸಾರಕ್ಕೆ ಇದೇ ಸುಲಭ. ತೊಳೆದು ಒರೆಸಿಟ್ಟರೆ ಸಾಕು.

ಸಂತೆಯಲ್ಲಿ ಘಿಸಾಡಿಗಳು, ಅಂದರೆ ನಮ್ಮ ಬೈಲಕಮ್ಮಾರರು, ಹೊಡೆದು ಕೊಡುವ ಚಾಕು, ಈಳಿಗೆಗಳು ಸಾದಾ ಇಂಗಾಲದ ಉಕ್ಕಿನವು. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದಲೂ ಇವನ್ನು ಮಾಡುತ್ತಾರೆ, ಆ ಉಕ್ಕು ಗಟ್ಟಿಮುಟ್ಟು. ಹರಿತ ಬೇಗ ಬರುತ್ತದೆ, ಚೆನ್ನಾಗಿ ನಿಲ್ಲುತ್ತದೆ. ಆದರೆ ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಹುಣಸೆ, ನಿಂಬೆ ತಾಗಿದರೆ ಕಪ್ಪಾಗುತ್ತದೆ. ಒರೆಸಿ ಎಣ್ಣೆ ಸವರಿಡುವ ಅಭ್ಯಾಸವಿರುವ ಮನೆಗೆ ಧಾರಾಳವಾಗಿ ಕೊಡಿ.

ದುಬಾರಿ ಜಪಾನಿ ಚಾಕುಗಳ ಅಲಗು ಬಹಳ ಗಟ್ಟಿ, ಬಹಳ ತೆಳು. ತೆಂಗಿನ ಚಿಪ್ಪು, ಎಲುಬಿಗೆ ಬಡಿದರೆ ಬಾಯಿ ಚಕ್ಕೆ ಏಳುತ್ತದೆ. ಜರ್ಮನ್, ಸ್ವಿಸ್ ಮಾದರಿಯವು ಸ್ವಲ್ಪ ಮೆದು, ಒರಟು ಕೆಲಸವನ್ನು ತಾಳುತ್ತವೆ, ಮನೆಯಲ್ಲೇ ಮಸೆಯಲೂ ಬರುತ್ತವೆ.

6. ಅಂಗಡಿಯಲ್ಲಿ ನೋಡಬೇಕಾದದ್ದು

ಪ್ಲಾಸ್ಟಿಕ್ ಪೊಟ್ಟಣದಿಂದ ತೆಗೆಸಿ ಕೈಯಲ್ಲಿ ಹಿಡಿದು ನೋಡಿ. ಒದ್ದೆ ಕೈಗೂ ಜಾರದ ಹಿಡಿ ಇರಬೇಕು. ಹಿಡಿಯೊಳಗೆ ಅಲಗಿನ ಬಾಲ ಎಷ್ಟು ದೂರ ಹೋಗಿದೆ ಎಂದು ಕೇಳಿ. ದೊಡ್ಡ ಚಾಕುವಿನಲ್ಲಿ ಅದು ಕೊನೆಯವರೆಗೆ ಇದ್ದರೆ ಒಳ್ಳೆಯದು. ಹಿಡಿ ಮತ್ತು ಅಲಗು ಕೂಡುವಲ್ಲಿ ಸಂದು ಇರಬಾರದು, ಅಲ್ಲಿ ನೀರು, ಕೊಳೆ ನಿಲ್ಲುತ್ತದೆ. ಮಣೆಯ ಮೇಲೆ ಹೆಚ್ಚುವಾಗ ಬೆರಳ ಗೆಣ್ಣು ಮಣೆಗೆ ಬಡಿಯದಷ್ಟು ಅಲಗು ಅಗಲವಿರಬೇಕು. "ಎಂದೂ ಮಸೆಯಬೇಕಿಲ್ಲ" ಎಂಬ ಜಾಹೀರಾತು ನಂಬಬೇಡಿ. ಮಸೆಯದೆ ಉಳಿಯುವ ಹರಿತ ಲೋಕದಲ್ಲಿಲ್ಲ.

7. ಸಾಣೆ ಮತ್ತು ಮಣೆ

ಮೊಂಡ ಚಾಕುವೇ ಹೆಚ್ಚು ಅಪಾಯದ್ದು. ಒತ್ತಿ ಹೆಚ್ಚಬೇಕಾಗುತ್ತದೆ, ಒತ್ತಿದ ಚಾಕು ಜಾರಿ ಬೆರಳಿಗೆ ಬರುತ್ತದೆ. ಟೊಮ್ಯಾಟೋ ಸಿಪ್ಪೆಯನ್ನು ಒತ್ತದೆ ಕೊಯ್ಯಲು ಬಾರದಿದ್ದರೆ ಮಸೆಯುವ ಹೊತ್ತಾಯಿತು ಎಂದು ತಿಳಿಯಿರಿ.

ಒಂದು ಬದಿ ಸುಮಾರು 1000, ಇನ್ನೊಂದು ಬದಿ ಅದಕ್ಕಿಂತ ನುಣುಪಾದ ಸಾಣೆಕಲ್ಲು ಮನೆಗೆ ಸಾಕು. ಅಲಗನ್ನು ಕಲ್ಲಿಗೆ 15ರಿಂದ 20 ಡಿಗ್ರಿ ಓರೆಯಾಗಿ ಹಿಡಿಯಬೇಕು. ಲಂಬವಾಗಿ ನಿಲ್ಲಿಸಿದ ಚಾಕುವನ್ನು ಅರ್ಧ ಬಾಗಿಸಿ, ಮತ್ತೆ ಅದರ ಅರ್ಧ ಬಾಗಿಸಿದರೆ ಸುಮಾರು 22 ಡಿಗ್ರಿ ಆಯಿತು. ಅದಕ್ಕಿಂತ ಸ್ವಲ್ಪ ಕೆಳಗೆ ಹಿಡಿದರೆ ಸರಿ. ಎರಡೂ ಬದಿಗೆ ಸಮನಾಗಿ ಎಳೆಯಿರಿ. ಸಾಣೆ ಹಿಡಿಯುವವರು ಓಣಿಗೆ ಬಂದಾಗ ಕೊಡುವುದಾದರೆ, ಅಲಗು ಕಾದು ನೀಲಿಯಾಗದಂತೆ ನಡುನಡುವೆ ನೀರು ಹಾಕಲು ಹೇಳಿ. ಕಾದರೆ ಹದ ಹೋಗುತ್ತದೆ.

ಕಡಪಾ ಕಲ್ಲಿನ ಕಟ್ಟೆಯ ಮೇಲೆ, ಸ್ಟೀಲ್ ತಾಟಿನ ಮೇಲೆ, ಗಾಜಿನ ಮಣೆಯ ಮೇಲೆ ಹೆಚ್ಚಿದರೆ ಎಂಥ ಚಾಕುವೂ ಮೊಂಡಾಗುತ್ತದೆ. ಬೇವು, ಸಾಗವಾನಿಯಂಥ ಕಟ್ಟಿಗೆಯ ಮಣೆಯೇ ಸರಿ. ಮುಸುರೆ ಪಾತ್ರೆಗಳ ರಾಶಿಯಲ್ಲಿ ಚಾಕು ಹಾಕಬೇಡಿ. ತೊಳೆಯುವವರಿಗೆ ಅದು ಕಾಣುವುದಿಲ್ಲ.

8. ಒಯ್ಯುವಾಗ

1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಗೃಹಬಳಕೆಗೆ ಅಥವಾ ಕೃಷಿಗೆಂದೇ ಮಾಡಿದ ವಸ್ತುಗಳು ಸೇರುವುದಿಲ್ಲ. ಆದರೂ ಬಸ್ಸು, ರೈಲಿನಲ್ಲಿ ಒಯ್ಯುವಾಗ ಅಲಗಿಗೆ ದಪ್ಪ ರಟ್ಟಿನ ಒರೆ ಹಾಕಿ, ಪೆಟ್ಟಿಗೆ ಮುಚ್ಚಿ, ರಸೀದಿ ಜೊತೆಗಿಡಿ. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಲಗೇಜಿಗೇ ಹಾಕಬೇಕು. ಉಡುಗೊರೆ ಕಾಗದದ ಮೇಲೆ "ಒಳಗೆ ಹರಿತವಾದ ವಸ್ತು" ಎಂದು ಬರೆಯಿರಿ. ಮದುವೆಮನೆಯಲ್ಲಿ ಪೊಟ್ಟಣ ಬಿಚ್ಚುವವರು ಹೆಚ್ಚಾಗಿ ಮಕ್ಕಳೇ.

9. ಪಟ್ಟಿ ಮತ್ತು ಕಾನೂನು

ಮುಯ್ಯಿ ಬರೆದಿಡುವ ವಹಿ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಕಾನೂನೂ ಅದನ್ನೇ ಕೇಳುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿಯ ನಿಯಮಗಳು 2 ಅಕ್ಟೋಬರ್ 1985ರಿಂದ ಜಾರಿಯಲ್ಲಿವೆ. ಅವುಗಳಂತೆ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು, ವರನಿಗೆ ಬಂದವುಗಳ ಪಟ್ಟಿಯನ್ನು ವರ ಇಟ್ಟುಕೊಳ್ಳಬೇಕು. ಮದುವೆಯ ಹೊತ್ತಿಗೆ ಅಥವಾ ಆದಷ್ಟು ಬೇಗ ಅದನ್ನು ಬರೆದು ಇಬ್ಬರೂ ಸಹಿ ಮಾಡಬೇಕು. ಪ್ರತಿ ಸಾಲಿನಲ್ಲಿ ನಾಲ್ಕು ಅಂಶ ಬೇಕು: ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಬಂಧುಗಳಾಗಿದ್ದರೆ ಸಂಬಂಧ. ಕನ್ನಡದಲ್ಲಿ ಬರೆದರೂ ಆಯಿತು, ಮರಾಠಿಯಲ್ಲಿ ಬರೆದರೂ ಆಯಿತು. ಮಾದರಿ ಹೀಗೆ:

ತರಕಾರಿ ಚಾಕು 7 ಇಂಚು 1, ಸಾಣೆಕಲ್ಲು 1, ಬೇವಿನ ಮಣೆ 1 / ಅಂದಾಜು ಬೆಲೆ / ಕೊಟ್ಟವರ ಹೆಸರು / ವಧುವಿನ ಸೋದರಮಾವ.

ಇದನ್ನು ಅಪನಂಬಿಕೆ ಎಂದು ತಿಳಿಯಬೇಡಿ. ಸಂಸಾರದಲ್ಲಿ ಬಿರುಕು ಬಂದ ದಿನ ತನ್ನ ವಸ್ತು ಯಾವುದೆಂದು ತೋರಿಸಲು ಹೆಣ್ಣುಮಗಳ ಕೈಯಲ್ಲಿ ಉಳಿಯುವುದು ಈ ಒಂದು ಕಾಗದ.

ಇನ್ನೊಂದು ಮಾತು ಸ್ಪಷ್ಟವಾಗಿರಲಿ. ಬೇಕಾದ ವಸ್ತುಗಳ ಪಟ್ಟಿಯನ್ನು ನವದಂಪತಿಗಳು ಗೆಳೆಯರಿಗೆ, "ಏನು ಬೇಕು?" ಎಂದು ಕೇಳಿದ ಬಂಧುಗಳಿಗೆ ಕಳಿಸುವುದು ಸರಿ. ಅದೇ ಪಟ್ಟಿ ಬೀಗರ ಮನೆಯಿಂದ ಹೆಣ್ಣಿನ ತಂದೆಯ ಕೈಗೆ ಹೋದರೆ ಅದು ಬೇಡಿಕೆ. ಬೇಡಿಕೆ ಇಲ್ಲದೆ ಕೊಟ್ಟದ್ದಕ್ಕೆ ಮಾತ್ರ ಕಾಯ್ದೆಯಲ್ಲಿ ವಿನಾಯಿತಿ. ಹೆಣ್ಣಿನ ಕಡೆಯವರು ಕೊಡುವುದು ರೂಢಿಯಂತೆ, ಅವರ ಶಕ್ತಿಗೆ ಮೀರದಂತೆ ಇರಬೇಕು ಎಂದೂ ಅದು ಹೇಳುತ್ತದೆ. ಚಾಕುವಿನಂಥ ಸಣ್ಣ ವಸ್ತುವಿಗೂ ಈ ಮಾತು ಅನ್ವಯಿಸುತ್ತದೆ. ಆದ್ದರಿಂದ ಸದಸ್ಯರ ಮದುವೆಯ ಉಡುಗೊರೆ ಪಟ್ಟಿಯನ್ನು ವಧು-ವರರಿಬ್ಬರೂ ಸೇರಿ ಬರೆದಿದ್ದರೆ ಮಾತ್ರ ನಾವು ಈ ಪುಟದಲ್ಲಿ ಹಾಕುತ್ತೇವೆ. ಲಗ್ನಪತ್ರಿಕೆಯಲ್ಲಿ "ಆಹೇರ ಬೇಡ" ಎಂದು ಅಚ್ಚಾಗಿದ್ದರೆ ಆ ಮಾತನ್ನು ಗೌರವಿಸಿ, ಅಕ್ಷತೆ ಹಾಕಿ ಉಂಡು ಬನ್ನಿ.

ಚಾಕು, ಈಳಿಗೆ ಆರಿಸುವಲ್ಲಿ ಸಂದೇಹವಿದ್ದರೆ ಮಾಸಿಕ ಸಭೆಗೆ ಬಂದಾಗ ಕೇಳಿ. ಮನೆಯ ಮೊಂಡ ಚಾಕುವನ್ನೂ ಬಟ್ಟೆಯಲ್ಲಿ ಸುತ್ತಿ ತನ್ನಿರಿ. ಸಾಣೆಕಲ್ಲು ಇಟ್ಟಿರುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಉದಗಾಂವ