ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದರೆ ಇಳಿಯೋದು ಹೇಗೆ?

ಎತ್ತರದ ಕಟ್ಟಡಕ್ಕೆ ಬೆಂಕಿ ಬಿತ್ತು ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಅಗ್ನಿಶಾಮಕ ದಳದ ಏಣಿ. 2023ರಲ್ಲಿ ಬೆಂಗಳೂರಿಗೆ 90 ಮೀಟರ್ ಎತ್ತರ ತಲುಪುವ ಏಣಿ ವಾಹನ ಬಂದಾಗ ಸುದ್ದಿಯಾದದ್ದೂ ಆ ಎತ್ತರವೇ. ಏಣಿ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಆ ವಾಹನ ಟ್ರಾಫಿಕ್ ದಾಟಿ ಬರಬೇಕು, ಕಟ್ಟಡದ ಪಕ್ಕದಲ್ಲಿ ನಿಲ್ಲೋಕೆ ಅಗಲವಾದ, ಗಟ್ಟಿ ಜಾಗ ಸಿಗಬೇಕು. ಒಂದು ಸಲಕ್ಕೆ ಇಳಿಸೋದೂ ಬೆರಳೆಣಿಕೆಯ ಜನರನ್ನು. ಹೊಗೆ ಅಷ್ಟು ಹೊತ್ತು ಕಾಯೋದಿಲ್ಲ.

ಕಾರ್ಲ್‌ಟನ್ ಟವರ್ಸ್ ನೆನಪಿಸಿಕೊಳ್ಳಿ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಆ ಕಚೇರಿ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಹೊತ್ತಿಕೊಂಡು ಒಂಬತ್ತು ಜನ ಸತ್ತರು. ಅದೇನು ಗಗನಚುಂಬಿಯಲ್ಲ, ಏಳು ಮಹಡಿ ಅಷ್ಟೇ. ವಿದ್ಯುತ್ ಕೇಬಲ್‌ಗಳ ಡಕ್ಟ್ ಹಿಡಿದು ಹೊಗೆ ಮೇಲೇರಿತು. ಉಸಿರಾಡೋಕೆ ಜನ ಗಾಜು ಒಡೆದರು, ಕೆಲವರು ಕೆಳಕ್ಕೆ ಹಾರಿದರು. ತುರ್ತು ನಿರ್ಗಮನದ ದಾರಿಗಳು ಮುಚ್ಚಿದ್ದವು ಅನ್ನೋದು ಆಮೇಲೆ ದೊಡ್ಡ ಚರ್ಚೆಯಾಯಿತು.

ಹಾಗಾಗಿ ನನ್ನ ಪ್ರಕಾರ ಪಾರಾಗುವ ಮೊದಲ ಸಾಧನ ಮೆಟ್ಟಿಲು. ಬರೀ ಮೆಟ್ಟಿಲಲ್ಲ, ಹೊಗೆ ನುಗ್ಗದ ಮೆಟ್ಟಿಲು. ಅದರ ಸುತ್ತ ಬೆಂಕಿ ತಡೆಯುವ ಗೋಡೆ, ತಾನಾಗಿಯೇ ಮುಚ್ಚಿಕೊಳ್ಳುವ ಫೈರ್ ಡೋರ್ ಇರಬೇಕು. ಕೆಲವು ಕಟ್ಟಡಗಳಲ್ಲಿ ಫ್ಯಾನ್‌ನಿಂದ ಒಳಗಿನ ಗಾಳಿಯ ಒತ್ತಡ ಹೆಚ್ಚಿಸಿ ಹೊಗೆಯನ್ನು ಹೊರಗೇ ತಡೆಯುತ್ತಾರೆ. ಇಷ್ಟು ಖರ್ಚು ಮಾಡಿ, ಓಡಾಡೋಕೆ ತೊಂದರೆ ಅಂತ ಆ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟರೆ ಎಲ್ಲವೂ ವ್ಯರ್ಥ. ಕಳ್ಳರ ಭಯಕ್ಕೆ ಬೀಗ ಹಾಕಿದರಂತೂ ಮುಗಿದೇ ಹೋಯಿತು. ಮಾಮೂಲಿ ಲಿಫ್ಟ್ ಹತ್ತಲೇಬಾರದು. ಕರೆಂಟ್ ಹೋದರೆ ಅದು ಮಧ್ಯದಲ್ಲೇ ನಿಲ್ಲುತ್ತದೆ, ಅದರ ಶಾಫ್ಟ್‌ನಲ್ಲಿ ಹೊಗೆ ತುಂಬುತ್ತದೆ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದನ್ನು ಬಹುಮಹಡಿ ಕಟ್ಟಡ ಅನ್ನುತ್ತದೆ. ಕಚೇರಿಯಂಥ ಕಟ್ಟಡ 24 ಮೀಟರ್ ಮೀರಿದರೆ, ಇಳಿಯಲಾಗದವರು ಕಾಯೋಕೆ ರೆಫ್ಯೂಜ್ ಏರಿಯಾ ಬಿಡಬೇಕು ಅನ್ನುತ್ತದೆ. ವಸತಿ ಕಟ್ಟಡಗಳಿಗೆ ಲೆಕ್ಕ ಬೇರೆ. ಈ ಸಂಹಿತೆ ತಾನೇ ಕಾನೂನಲ್ಲ, ರಾಜ್ಯಗಳು ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡಷ್ಟೇ ಅದಕ್ಕೆ ಬಲ.

ಹೊರದೇಶಗಳಲ್ಲಿ ಬೇರೆ ಉಪಾಯಗಳೂ ಇವೆ. ಜಪಾನಿನ ಅಪಾರ್ಟ್‌ಮೆಂಟ್ ಬಾಲ್ಕನಿಗಳ ನೆಲದಲ್ಲಿ ಮುಚ್ಚಳ ಇರುತ್ತದೆ, ತೆಗೆದರೆ ಕೆಳಗಿನ ಬಾಲ್ಕನಿಗೆ ಏಣಿ ಬಿಚ್ಚಿಕೊಳ್ಳುತ್ತದೆ. ಪಕ್ಕದ ಮನೆಗೂ ತಮಗೂ ನಡುವಿನ ತಡಿಕೆಯನ್ನು ಒದ್ದು ಮುರಿದು ದಾಟಬಹುದು. ನಾವು ಬಾಲ್ಕನಿಗೆ ಕಬ್ಬಿಣದ ಗ್ರಿಲ್ ಹಾಕಿ ಬೀಗ ಜಡಿಯುತ್ತೇವೆ! ದಕ್ಷಿಣ ಕೊರಿಯಾದಲ್ಲಿ ಮೂರರಿಂದ ಹತ್ತನೇ ಮಹಡಿವರೆಗೆ, ಕಂಕುಳ ಕೆಳಗೆ ಎದೆಗೆ ಪಟ್ಟಿ ಕಟ್ಟಿಕೊಂಡು ನಿಧಾನ ವೇಗದಲ್ಲಿ ಇಳಿಯುವ ಹಗ್ಗದ ಸಾಧನ ಬಳಸುತ್ತಾರೆ. ಬಟ್ಟೆಯ ಕೊಳವೆಯೊಳಗೆ ಜಾರಿ ಇಳಿಯುವ ವ್ಯವಸ್ಥೆಯೂ ಇದೆ. ಆದರೆ ಅಭ್ಯಾಸ ಇಲ್ಲದೆ ಗಾಬರಿಯಲ್ಲಿ ಇವು ಕೈಗೆ ಹತ್ತೋದು ಕಷ್ಟ. ಕೆಳಗೆ ಹಾಸುವ ಗಾಳಿಹಾಸಿಗೆಯನ್ನೂ ನಂಬುವಂತಿಲ್ಲ. 2024ರ ಆಗಸ್ಟ್‌ನಲ್ಲಿ ಕೊರಿಯಾದ ಬುಚೋನ್ ನಗರದ ಹೋಟೆಲ್‌ಗೆ ಬೆಂಕಿ ಬಿದ್ದಾಗ ಅದರ ಮೇಲೆ ಹಾರಿದ ಇಬ್ಬರೂ ಸತ್ತರು.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಮೆಟ್ಟಿಲು ಇಳಿಯಲಾಗದವರು ಏನು ಮಾಡಬೇಕು? 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರು. 24 ಮಹಡಿಗೆ ಇದ್ದದ್ದು ಒಂದೇ ಮೆಟ್ಟಿಲ ದಾರಿ. ಮನೆಯೊಳಗೇ ಇರಿ ಅನ್ನೋ ಸಲಹೆ ಕೈಬಿಟ್ಟದ್ದು ರಾತ್ರಿ 2.47ಕ್ಕೆ, ಮೊದಲ ಕರೆ ಬಂದು ಸುಮಾರು ಎರಡು ಗಂಟೆ ಆದ ಮೇಲೆ. ಅಲ್ಲಿದ್ದ 37 ಅಂಗವಿಕಲ ನಿವಾಸಿಗಳಲ್ಲಿ 15 ಮಂದಿ ಬದುಕಲಿಲ್ಲ. ಇಂಥ ಪ್ರತಿಯೊಬ್ಬರಿಗೂ ಪಾರಾಗುವ ಯೋಜನೆ ಬರೆದಿಡಿ ಅಂತ ವಿಚಾರಣಾ ಆಯೋಗ 2019ರಲ್ಲೇ ಹೇಳಿತು. ಅಲ್ಲಿನ ಸರ್ಕಾರ ನಿಯಮ ರೂಪಿಸಿದ್ದು 2025ರಲ್ಲಿ.

ಮಾಡೋಕೆ ಆಗದ ಕೆಲಸವಂತೂ ಅಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ 69ನೇ ಮಹಡಿಯಿಂದ, ಕೈಕಾಲು ಸ್ವಾಧೀನವಿಲ್ಲದ ಉದ್ಯೋಗಿಯೊಬ್ಬರನ್ನು ಸಹೋದ್ಯೋಗಿಗಳು ಮೆಟ್ಟಿಲ ಮೇಲೆ ಜಾರುವ ಇವ್ಯಾಕ್ಯುಯೇಷನ್ ಚೇರ್‌ನಲ್ಲಿ ಕೂರಿಸಿ ಕೆಳಗಿಳಿಸಿದರು. 1993ರ ಬಾಂಬ್ ದಾಳಿಯ ನಂತರ ಆ ಕುರ್ಚಿಗಳನ್ನು ತಂದಿಟ್ಟಿದ್ದರು.

ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಅಪಾಯದ ಹೊತ್ತಿನಲ್ಲಿ ಸಮಾನ ರಕ್ಷಣೆ ಕೊಡಬೇಕು ಅನ್ನುತ್ತದೆ. ಆಫೀಸಿನ ಮುಂದಿನ ಫೈರ್ ಡ್ರಿಲ್ ದಿನ ಇದನ್ನೇ ಹಿಡಿದು ಕೇಳಿ: ಅಂಥ ಕುರ್ಚಿ ಯಾವ ಮಹಡಿಯಲ್ಲಿದೆ? ವೀಲ್‌ಚೇರ್‌ನಲ್ಲಿರೋರನ್ನು ಇಳಿಸೋ ಹೊಣೆ ಯಾರದು? ಅಪಾರ್ಟ್‌ಮೆಂಟ್ ಆದರೆ ಸಂಘದ ಸಭೆಯಲ್ಲಿ, ಮಂಡಿನೋವಿನ ಅಜ್ಜ ಅಜ್ಜಿಯರು ಯಾವ ಮನೆಯಲ್ಲಿದ್ದಾರೆ ಅನ್ನೋ ಪಟ್ಟಿ ಸೆಕ್ಯುರಿಟಿ ಹತ್ತಿರ ಇದೆಯಾ ಅಂತ ವಿಚಾರಿಸಿ. ಟೆರೇಸ್ ಬಾಗಿಲಿನ ಬೀಗದ ಕೈ ಯಾರ ಜೇಬಲ್ಲಿದೆ ಅನ್ನೋದನ್ನೂ.